ಬೊಗಸೆಬಂಡೆಯ ತೀರ್ಥಮಹಿಮೆ

ಶಿಲುಬೆಯ ಶುಭಸಂದೇಶವು ಈ ಬಯಲುಸೀಮೆಯನ್ನು ಆಗತಾನೆ ತಲುಪಿದ್ದ ಪುರಾತನ ಕಾಲದಲ್ಲಿ, ನೇರಳೆವನದಿಂದ ಆವೃತವಾಗಿದ್ದ ಈ ಗಿರಿಯ ಬಂಡೆಯೊಂದರ ಬುಡದಲ್ಲಿ, ಉಟ್ಟ ಬಟ್ಟೆ ಮತ್ತು ಜಪಮಾಲೆ ಇವೆರಡನ್ನೇ ಐಶ್ವರ್ಯವೆಂದು ಬಗೆದ ಇನ್ನಾಸಿಮುನಿಗಳು ತಪೋನಿರತರಾಗಿದ್ದರು. ಬಂಡೆಯ ಬಿರುಕಿನಿಂದ ಜಿನುಗುತ್ತಿದ್ದ ಚಿಲುಮೆಗೆ ಅವರು ವಿಧಿಸಿದ್ದ ನಿಯಮ ಒಂದೇ: ಪಾತ್ರೆ ಮುಳುಗಿಸತಕ್ಕದ್ದಲ್ಲ, ಬೊಗಸೆಯೊಡ್ಡಿ ಕುಡಿಯತಕ್ಕದ್ದು, ಸೃಷ್ಟಿಕರ್ತನು ಮನುಷ್ಯನ ಮೈಯಲ್ಲೇ ಇಟ್ಟು ಕಳುಹಿಸಿದ ಅಳತೆ ಅದು. ದೇಹಾವಸಾನಕಾಲದಲ್ಲಿ ಈ ನಿಯಮವನ್ನು ಕಾಯುವ ಭಾರವನ್ನು ಅವರು ತಮ್ಮ ಏಕಮಾತ್ರ ಶಿಷ್ಯನಾದ, ಆಡು ಮೇಯಿಸುವ ಅರುಳಪ್ಪನಿಗೆ ವಹಿಸಿದರು.

ಮುನಿಗಳು ಬದುಕಿರುವಾಗ ಅವರತ್ತ ಸುಳಿಯದಿದ್ದ ಭಕ್ತಿಯು, ಅವರು ಮಣ್ಣಾದೊಡನೆ ಊರಿನವರಲ್ಲಿ ಉಕ್ಕಿ ಹರಿಯಿತು. ಅವರ ಸ್ಮರಣಾರ್ಥವಾಗಿ ಚಿಲುಮೆಯನ್ನು ಅಗೆದು ಸೋಪಾನಸಹಿತವಾದ ಕಲ್ಯಾಣಿಯನ್ನು ಕಟ್ಟಲು ಸಂಕಲ್ಪಿಸಿ, ಅದರ ಗಾರೆಗೆ ಸುಣ್ಣ ಸುಡಲೆಂದು ನೇರಳೆವನವನ್ನೆಲ್ಲ ಕಡಿದು ಗೂಡಿಗೆ ಹಾಕಿದರು. ಅಡ್ಡನಿಂತು ಗುರುವಾಕ್ಯವನ್ನು ನೆನಪಿಸಿದ ಅರುಳಪ್ಪನನ್ನು ಊರಗೌಡ ಸವರಪ್ಪನು, ಬೊಗಸೆಯೊಡ್ಡುವುದು ತಿರುಕರ ಲಕ್ಷಣವೆಂದೂ, ಆಡಿನ ಹಿಂದೆ ಅಲೆದಲೆದು ನಿನ್ನ ಬುದ್ಧಿಯೂ ಮೇಯಲು ಹೋಗಿದೆಯೇನಯ್ಯಾ ಎಂದೂ ಹಂಗಿಸಲು, ಸುತ್ತ ನಿಂತವರು ನಕ್ಕರು.

ಇಗರ್ಜಿಯ ಪಾದ್ರಿಗಳು ತೀರ್ಥವನ್ನು ಮಂತ್ರಿಸಲು ಬಂದ ದಿನ, ಸಿಂಗರಿಸಿದ ಕಲ್ಯಾಣಿಯ ತಳದಲ್ಲಿ ಒಂದು ಹನಿಯೂ ಇರಲಿಲ್ಲ. ಇದಕ್ಕೆ ಅರುಳಪ್ಪನ ಅಪಶಕುನದ ಬಾಯಿಯೇ ಕಾರಣವೆಂದು ನಿಶ್ಚಯಿಸಿದ ಭಕ್ತಸಮೂಹವು, ಕಟ್ಟಿ ಮಿಕ್ಕಿದ ಕಲ್ಲುಗಳನ್ನೇ ಅವನ ಮೇಲೆ ಬೀರಿತು. ರಕ್ತಸಿಕ್ತನಾದ ಅವನು ತೆವಳುತ್ತ ಬಂದು, ಬತ್ತಿದ ಬಿರುಕಿನ ಕೆಳಗೆ ಬೊಗಸೆಯೊಡ್ಡಿ, ಗುರುವು ಒಪ್ಪಿಸಿದ್ದನ್ನು ಕಾಯಲಾರದೆ ಹೋದೆನೆಂದು ಕಣ್ಣೀರಿಡಲು, ಶಿಲೆಯೊಳಗಿಂದ ಸರ್ವೇಶ್ವರನ ವಾಣಿಯು ಹೊರಟಿತು:

"ನೆರಳನ್ನು ಸುಟ್ಟು ನನಗೆ ಮೆಟ್ಟಿಲು ಕಟ್ಟಿದವರು ಮೆಟ್ಟಿಲನ್ನೇ ಕುಡಿಯಲಿ. ಈ ನೀರು ಇನ್ನು ಬೊಗಸೆಯನ್ನು ಮೀರದು."

ಒಡನೆಯೇ ಅವನ ಕೈತುಂಬುವಷ್ಟು ನೀರು ಜಿನುಗಿ ನಿಂತಿತು. ಬಾಯಾರಿದ್ದ ಅರುಳಪ್ಪನು ಅದನ್ನು ಕುಡಿಯದೆ, ಪಕ್ಕದ ನೇರಳೆಯ ಬೊಡ್ಡೆಗೆ ಎರೆದು, ಬರಿದಾದ ಬೊಗಸೆಯನ್ನು ಬಂಡೆಯ ಮೇಲಿಟ್ಟು ಪ್ರಾಣಬಿಟ್ಟನು. ಆ ಕೈಗಳ ಕೆಳಗೆ ಕಲ್ಲು ಮೇಣದಂತೆ ಕರಗಿ ಕುಳಿಯಾಯಿತು, ಬೊಡ್ಡೆಯು ಚಿಗುರಿತು.

ಆ ಕುಳಿಯನ್ನೂ, ಗಿರಿಯಲ್ಲಿ ಉಳಿದಿರುವ ಆ ಒಂದೇ ನೇರಳೆಯನ್ನೂ ಯಾತ್ರಿಕರು ಇಂದಿಗೂ ಕಾಣಬಹುದು. ಕುಳಿಯಲ್ಲಿ ನಿತ್ಯವೂ ಒಂದು ಬೊಗಸೆ ನೀರು ಊರುತ್ತದೆ. ಅರುಳಪ್ಪನ ಸ್ಮರಣೆಯ ಹಬ್ಬಕ್ಕೆ ನೆರೆಯುವ ಜನಸಾಗರಕ್ಕೆ ಅದು ಸಾಲದಾದ್ದರಿಂದ, ಟ್ಯಾಂಕರುಗಳಲ್ಲಿ ತಂದ ನೀರನ್ನು ಕಲ್ಯಾಣಿಗೆ ಸುರಿದು ಮಂತ್ರಿಸಲಾಗುತ್ತದೆ. ಭಕ್ತಾದಿಗಳು ಅದನ್ನು ಪ್ಲಾಸ್ಟಿಕ್ ಬಾಟಲಿಗಳಲ್ಲಿ ತುಂಬಿಕೊಂಡು, ಹಳೆಯ ಬಾಟಲಿಗಳನ್ನು ಮೆಟ್ಟಿಲ ಮೇಲೆ ಬಿಟ್ಟು ಧನ್ಯರಾಗಿ ಮರಳುತ್ತಾರೆ. ಬಂಡೆಯ ನೀರನ್ನು ಕುಡಿಯುವವು ಆಡುಗಳು ಮಾತ್ರ. ಅವು ಪಾತ್ರೆ ತರುವುದಿಲ್ಲ.