ಮುಟ್ಟಿದರೆ ಮುನಿಯ ಪಾಠ

ಬೇಲಿಯ ಬುಡದ ಶಾಲೆಯಲ್ಲಿ ಒಂದು ಮುಟ್ಟಿದರೆ ಮುನಿ ಗಿಡ ಓದುತ್ತಿತ್ತು. ಯಾರು ಸೋಕಿದರೂ ಅದು ಎಲೆ ಮಡಚಿಬಿಡುತ್ತಿತ್ತು. ಹಗಲೆಲ್ಲ ಮುಚ್ಚಿಕೊಂಡೇ ಇದ್ದರೆ ಬಿಸಿಲು ಉಣ್ಣುವುದೆಂತು? ಗಿಡ ಸೊರಗಿತು, ಇದ್ದೊಂದು ಮೊಗ್ಗೂ ಬಾಡತೊಡಗಿತು.

"ನೋಡ್ರೋ, ಅಮ್ಮಾವ್ರಿಗೆ ಮತ್ತೆ ಮುನಿಸು!" ಎಂದು ಮಿಡತೆ ಬೇಕೆಂದೇ ಅದರ ಮೇಲೆ ಹಾರಿ ಹಾರಿ ನಗುತ್ತಿತ್ತು.

ಬಸವನಹುಳು ಮೇಷ್ಟ್ರು ಹತ್ತಿರ ಬಂದು ಕೇಳಿದರು: "ಯಾಕಮ್ಮ ಮುಚ್ಚಿಕೊಂಡೆ?"

"ಮಿಡತೆ ಹಾರಿತು ಸಾರ್."

"ಅದು ಮಿಡತೆಯ ವಿಷಯವಾಯಿತು. ನಿನಗೆ ಏನಾಯಿತು?"

ಗಿಡವನ್ನು ಯಾರೂ ಹೀಗೆ ಕೇಳಿರಲಿಲ್ಲ. "ಹೆದರಿಕೆಯಾಯಿತು ಸಾರ್. ಆಡು ಬಾಯಿ ಹಾಕಿತೇನೋ ಅನ್ನಿಸಿತು."

"ಹೆದರಿದರೆ ಮುಚ್ಚಿಕೋ, ತಪ್ಪಲ್ಲ. ನಾನೂ ಚಿಪ್ಪು ಸೇರುತ್ತೇನೆ. ಆಮೇಲೆ ಒಂದು ಕೊಂಬು ಚಾಚಿ, ಬಂದವರು ಯಾರೆಂದು ನೋಡುತ್ತೇನೆ. ನೀನು ಒಂದು ಎಲೆ ತೆರೆದು ನೋಡು."

ಗಿಡ ಮೆಲ್ಲಗೆ ಒಂದೆಲೆ ತೆರೆಯಿತು. ಎದುರಿಗೆ ಆಡು ಇರಲಿಲ್ಲ, ಬರೀ ಮಿಡತೆ. "ನೀನೇನಾ!" ಎಂದು ಉಳಿದ ಎಲೆಗಳನ್ನೂ ಬಿಚ್ಚಿತು. ಮಿಡತೆ ಮತ್ತೆ ಹಾರಿತು. ಎಲೆ ಅಲುಗಿತೇ ಹೊರತು ಮಡಚಿಕೊಳ್ಳಲಿಲ್ಲ.

"ಕೂರಬೇಕಿದ್ದರೆ ಕೇಳಿ ಕೂರು," ಎಂದಿತು ಗಿಡ. "ಹೇಳದೆ ಹಾರಿದರೆ ನನಗೆ ಹೆದರಿಕೆಯಾಗುತ್ತದೆ."

ಮಿಡತೆಗೆ ನಗಲು ಏನೂ ಉಳಿಯಲಿಲ್ಲ.

ಮಧ್ಯಾಹ್ನ ನಿಜವಾದ ಆಡೇ ಬಂತು. ಗಿಡ ತಟ್ಟನೆ ಎಲೆ ಮಡಚಿ ಮುಳ್ಳು ತೋರಿಸಿತು. ಆಡು ಮೂತಿ ತಿರುವಿಕೊಂಡು ಹೋಯಿತು. ಅದು ಮರೆಯಾಗುತ್ತಲೇ ಗಿಡ ತಾನಾಗಿಯೇ ಎಲೆ ಬಿಚ್ಚಿ ಬಿಸಿಲುಂಡಿತು. ವಾರ ಕಳೆಯುವಷ್ಟರಲ್ಲಿ ಮೊಗ್ಗು ಗುಲಾಬಿ ಬಣ್ಣದ ಚೆಂಡಾಗಿ ಅರಳಿ ನಿಂತಿತು.

"ಕೂರಲಾ?" ಎಂದು ಕೆಳಗಿನಿಂದ ಮಿಡತೆ ಕೇಳಿತು.

"ಬಾ," ಎಂದಿತು ಗಿಡ.