ಅತ್ತಿಗೆಯ ಅಳತೆ ರವಿಕೆ

ಶಿಷ್ಯೆ ಕೇಳಿದಳು: "ಮೇಡಂ, ಗರ್ಭಕೋಶ ಜಾರಿದವರಿಗೆ ಎಷ್ಟೊಂದು ಬಗೆಯ ಆಪರೇಷನ್‌ಗಳಿವೆ. ಎಲ್ಲವನ್ನೂ ಓದಿದೆ. ಯಾವುದು ಮೇಲು ಎಂದು ಮಾತ್ರ ಗೊತ್ತಾಗಲಿಲ್ಲ. ಹೊರಗೆ ಒಬ್ಬರು ಕಾಯುತ್ತಿದ್ದಾರೆ. ಏನು ಹೇಳಲಿ?"

ಗುರು ಕನ್ನಡಕ ತೆಗೆದಿಟ್ಟು ಒಂದು ಕತೆ ಹೇಳಿದರು.

ರವಿಕೆ ಹೊಲಿಯುವ ಹೆಂಗಸೊಬ್ಬಳಿದ್ದಳು. ಮೂರನೆಯ ಹೆರಿಗೆಯಾದ ಮೇಲೆ ಅವಳ ಗರ್ಭಕೋಶ ಜಾರತೊಡಗಿ, ಬರುಬರುತ್ತಾ ಹೊರಗೇ ಬಂತು. ಕೆಮ್ಮಿದರೆ, ನಕ್ಕರೆ ಇನ್ನಷ್ಟು ಇಳಿಯುತ್ತಿತ್ತು. ನಾಚಿಕೆ ಎಷ್ಟು ಹಾಳು ಮಾಡುತ್ತದೆ ನೋಡು, ಅವಳು ನಗುವುದನ್ನು ಬಿಟ್ಟಳೇ ಹೊರತು ಹನ್ನೊಂದು ವರ್ಷ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಅವಳ ಅತ್ತಿಗೆಗೂ ಅದೇ ತೊಂದರೆ. ಗಂಡ ತೀರಿಕೊಂಡು ಒಂಟಿಯಾಗಿದ್ದ ಆಕೆ ಆಪರೇಷನ್ ಮಾಡಿಸಿಕೊಂಡು, ಎರಡೇ ದಿನಕ್ಕೆ ಮನೆಗೆ ಬಂದು, ಹಾಯಾಗಿ ಓಡಾಡತೊಡಗಿದಳು. ಅದನ್ನು ಕಂಡು ಇವಳು ಅದೇ ವೈದ್ಯೆಯ ಮುಂದೆ ಹೋಗಿ ಕೂತಳು.

"ನಮ್ಮ ಅತ್ತಿಗೆಗೆ ಮಾಡಿದ್ದನ್ನೇ ನನಗೂ ಮಾಡಿಬಿಡಿ ಅಮ್ಮಾ. ಬೇರೇನೂ ಕೇಳಬೇಡಿ."

ವೈದ್ಯೆ ಪರೀಕ್ಷಿಸಿ ನೋಡಿ, "ಯಾರಾದರೂ ತಮಗೆ ಹೊಲಿಸಲು ಅತ್ತಿಗೆಯ ಅಳತೆ ರವಿಕೆ ತಂದುಕೊಟ್ಟರೆ ಹೊಲಿದುಕೊಡ್ತೀರಾ?" ಎಂದಳು.

"ಎಲ್ಲಾದರೂ ಉಂಟಾ! ಕಂಕುಳಲ್ಲಿ ಹಿಡಿದರೆ ಬೈಸಿಕೊಳ್ಳೋಳು ನಾನು ತಾನೇ?" ನಗು ಬಂದೇಬಿಟ್ಟಿತು. ತಟ್ಟನೆ ಮಂಡಿ ಜೋಡಿಸಿ ತಡೆದುಕೊಂಡಳು.

"ಹಾಗಾದರೆ ನಿಮ್ಮ ಅಳತೆ ಹೇಳಿ. ಯಜಮಾನರು ಇದ್ದಾರಾ?"

ಅವಳು ತಲೆ ತಗ್ಗಿಸಿದಳು. "ಇದ್ದಾರೆ. ನಾನೇ ಹತ್ತಿರ ಬಿಟ್ಟುಕೊಂಡಿಲ್ಲ. ಮೊದಲಿನ ಹಾಗಿರಬೇಕು ಅಂತ ಆಸೆ." ಹೇಳುವಾಗ ಕಣ್ಣು ತುಂಬಿತು.

ಅತ್ತಿಗೆಗೆ ಮಾಡಿದ್ದು ಯೋನಿಯ ದಾರಿಯನ್ನೇ ಮುಚ್ಚಿ ಹೊಲಿಯುವ ಆಪರೇಷನ್ ಎಂದು ವೈದ್ಯೆ ತಿಳಿಸಿದಳು. ಆಕೆಗೆ ಅದು ಸರಿ. ಆದರೆ ಹಾಗೆ ಮುಚ್ಚಿದರೆ ಗಂಡನ ಜೊತೆ ಕೂಡಲಾಗದು. ಏನನ್ನು ಕೇಳಿಕೊಂಡು ಬಂದಿದ್ದೆನಪ್ಪಾ ಎಂದುಕೊಂಡಳು ಇವಳು. ಇವಳಿಗೆ ಹೊಂದುವುದು ಎರಡು: ಗರ್ಭಕೋಶ ತೆಗೆದು ಉಳಿದದ್ದನ್ನು ಬಿಗಿಮಾಡುವುದು, ಇಲ್ಲವೇ ಅದು ಕೆಟ್ಟಿಲ್ಲವಾದ್ದರಿಂದ ಹಾಗೇ ಉಳಿಸಿ ಮೇಲೆತ್ತಿ ಕಟ್ಟುವುದು. ಎರಡರಲ್ಲೂ ಮುಂದೆಂದಾದರೂ ಮತ್ತೆ ಜಾರಬಹುದು. ವೈದ್ಯೆ ಅದನ್ನೂ ಮುಚ್ಚಿಡಲಿಲ್ಲ.

"ಮೂರು ಮಕ್ಕಳನ್ನು ಹೊತ್ತಿದ್ದು. ಕೆಟ್ಟಿಲ್ಲ ಅಂದಮೇಲೆ ಇರಲಿ, ಎತ್ತಿ ಕಟ್ಟಿ" ಎಂದಳು ಇವಳು.

ಆಪರೇಷನ್ ಆಗಿ ಮೂರು ತಿಂಗಳಾದ ಮೇಲೆ ವೈದ್ಯೆಗೆ ರವಿಕೆ ಹೊಲಿದುಕೊಡಲು ಟೇಪು ಹಿಡಿದುಕೊಂಡೇ ಬಂದಳು. ಅಳತೆ ತೆಗೆಯುತ್ತಾ ಏನೋ ಮಾತಿಗೆ ಗಟ್ಟಿಯಾಗಿ ನಕ್ಕಳು. ಮಂಡಿ ಜೋಡಿಸುವುದು ನೆನಪಿಗೇ ಬರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಗಂಡ ಆ ನಗು ಕೇಳಿ ತಲೆಯೆತ್ತಿದ.

ಕತೆ ಮುಗಿಯಿತು. ಶಿಷ್ಯೆಗೆ ನಿರಾಳವಾಯಿತು. "ಅಂದರೆ ಎತ್ತಿ ಕಟ್ಟುವುದೇ ಮೇಲು!" ಎಂದು ಬರೆದುಕೊಳ್ಳಲು ಪೆನ್ನು ತೆಗೆದಳು.

ಗುರು ಕನ್ನಡಕ ಹಾಕಿಕೊಂಡು ಕೇಳಿದರು: "ಹೊರಗೆ ಕಾಯುತ್ತಿದ್ದಾರಲ್ಲ, ಅವರಿಗೆ ಏನು ಬೇಕಂತೆ?"