ಬೆಸ್ತನಿಗೆ ಒಳ್ಳೆಯದು ಹಾರೈಸಿದ ಮುದುಕಿ

ಶಿಷ್ಯ ಅಡಿವೆಪ್ಪ ಕೇಳಿದ: “ಗುರುಗಳೇ, ನಾನು ಜಗಳವಾಡಿದ ಗೆಳೆಯ ಇವತ್ತು ಸಂಜೆ ಊರನ್ನೇ ಬಿಟ್ಟು ಹೋಗುತ್ತಿದ್ದಾನೆ. ರಾಜಿಯಾಗೋಣವೆಂದು ಹೊರಟೆ. ಮಠದ ಬಾಗಿಲು ದಾಟುವಷ್ಟರಲ್ಲಿ ಅಡುಗೆಯವರು ‘ಎಲ್ಲಿಗೆ?’ ಎಂದು ಕೇಳಿಬಿಟ್ಟರು. ಮರಳಿ ಬಂದೆ. ಹೊರಟ ಕೆಲಸ ಕೆಟ್ಟ ಹಾಗೆಯೇ ಅಲ್ಲವೇ?”

ಗುರುಗಳು ಹೇಳಿದರು:

ಸ್ವೀಡನ್ ಎಂಬ ಚಳಿ ದೇಶದಲ್ಲಿ ಒಬ್ಬ ಬೆಸ್ತನಿದ್ದ. ಅಲ್ಲಿ ಚಳಿಗಾಲಕ್ಕೆ ಸರೋವರ ಹೆಪ್ಪುಗಟ್ಟುತ್ತದೆ. ಎಲೆ ಉದುರುವ ದಿನಗಳಲ್ಲೇ ಮೀನು ಹಿಡಿದು ಉಪ್ಪು ಹಾಕಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಹೊಟ್ಟೆಗೆ ತಣ್ಣೀರು ಬಟ್ಟೆ. ಬಲೆ ಹೊತ್ತು ಹೊರಟವನಿಗೆ ಯಾರಾದರೂ ಒಳ್ಳೆಯದು ಹಾರೈಸಿದರೆ ಮೀನು ಸಿಗದು ಎಂದು ಆ ಕಡೆಯ ಬೆಸ್ತರ ನಂಬಿಕೆ. ‘ನಿನಗೊಂದು ಮೀನೂ ಸಿಗದಿರಲಿ’ ಎಂದು ಶಪಿಸಿ ಕಳಿಸುವುದೇ ಅಲ್ಲಿನ ಮರ್ಯಾದೆ.

ಆ ವರ್ಷ ಪಕ್ಕದ ಮನೆಗೆ ಬೇರೆ ಸೀಮೆಯ ಮುದುಕಿಯೊಬ್ಬಳು ಬಂದಳು. ಬೆಸ್ತ ಹೊರಟದ್ದನ್ನು ಕಂಡು, ‘ದೋಣಿ ತುಂಬ ಮೀನು ಸಿಗಲಪ್ಪಾ’ ಎಂದಳು. ಬೆಸ್ತನ ಮುಖ ಸಣ್ಣದಾಯಿತು. ಮನೆಗೆ ಮರಳಿ ಒಲೆಯ ಮುಂದೆ ಕೂತ. ಹೊರಗೆ ಥಂಡಿ, ಒಳಗೆ ಬೆಚ್ಚಗಿತ್ತು. ಪಾಪ, ಬರಿಗೈಯಲ್ಲಿ ಬಂದನಲ್ಲ ಎಂದು ಮುದುಕಿಗೆ ಕರುಳು ಚುರುಕ್ಕೆಂದಿತು. ಮರುದಿನ ಅವನ ಬಾಗಿಲಿಗೇ ಬಂದು ಇನ್ನಷ್ಟು ಹಾರೈಸಿದಳು. ಅವನು ಹಿತ್ತಲಿಂದ ಹೊರಟರೆ ಹಿತ್ತಲಿಗೂ ಬಂದಳು. ದಿನವೂ ಇದೇ ಆಯಿತು.

ಹೆಂಡತಿ ಮೀನಿಲ್ಲದ ಉಪ್ಪಿನ ಪೀಪಾಯಿ ತೋರಿಸಿ, ‘ಚಳಿಗಾಲವೆಲ್ಲ ಇದನ್ನೇ ನೆಕ್ಕೋಣವೇ?’ ಎಂದಳು.

ಬೆಸ್ತ ಮುದುಕಿಯ ಬಳಿ ಹೋಗಿ, ‘ಅಮ್ಮಾ, ದಯವಿಟ್ಟು ನನ್ನನ್ನು ಬೈಯಿರಿ’ ಎಂದು ಬೇಡಿಕೊಂಡ. ಆಕೆ ಸಭ್ಯ ಹೆಂಗಸು, ಬೈಗುಳ ಬಾಯಿಗೇ ಬರಲೊಲ್ಲದು. ಬೆಸ್ತನೇ ಕೂತು ಕಲಿಸಿದ. ಅಂತೂ ಒಂದು ಬೆಳಿಗ್ಗೆ ಆಕೆ ದಡದಲ್ಲಿ ನಿಂತು, ‘ನಿನ್ನ ಬಲೆ ಹರಿಯಲಿ, ದೋಣಿ ತೂತಾಗಲಿ, ಒಂದು ಕಪ್ಪೆಯೂ ಸಿಗದಿರಲಿ’ ಎಂದು ಬಾಯಿ ತುಂಬ ಶಪಿಸಿದಳು. ಸಂತೋಷಕ್ಕೆ ಬೆಸ್ತನ ಕಣ್ಣು ತುಂಬಿ ಬಂತು. ಟೊಪ್ಪಿಗೆ ತೆಗೆದು ವಂದಿಸಿ, ದೋಣಿ ನೂಕಿದ. ದೋಣಿ ಠಕ್ಕೆಂದು ನಿಂತಿತು. ಸರೋವರ ಆಗಲೇ ಹೆಪ್ಪುಗಟ್ಟಿತ್ತು.

ಅಡಿವೆಪ್ಪ ನಕ್ಕ. ನಗುತ್ತಲೇ ಹೊರಗೆ ನೋಡಿದ. ಬಿಸಿಲು ಇಳಿಯುತ್ತಿತ್ತು. ನಗು ನಿಂತಿತು. ಗಡಬಡಿಸಿ ಎದ್ದು, ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿದ.

ಗುರುಗಳು ಹಿಂದಿನಿಂದ ಕರೆದರು: “ಅಡಿವೆಪ್ಪಾ, ಎಲ್ಲಿಗೆ?”

ಅವನು ಗೆಳೆಯನ ಮನೆಯ ಕಡೆ ಓಡಿದ. ಹಿಂತಿರುಗಿ ನೋಡಲೂ ಇಲ್ಲ.